ರವಿವಾರದ ಕೆಂಡವ್ವ

ಮೊನ್ನೆ ಬೇಳೆಗೆ ಒಗ್ಗರಣೆ ಹಾಕಲೆಂದು ಸಾಸಿವೆ ಡಬ್ಬಿಯ ತಳಕ್ಕೆ ಕೈ ಹಾಕಿದರೆ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ತೆಗೆದು ನೋಡಿದೆ. ದಾಳ! ಪಗಡೆಯ ದಾಳವಲ್ಲ, ಚೌಕಾಬಾರದ ಕವಡೆಯೂ ಅಲ್ಲ. ನೆಲ್ಲಿಕಾಯಿ ಗಾತ್ರದ, ಕೆಂಪು ಬಣ್ಣದ, ಇಪ್ಪತ್ತು ಮುಖಗಳ ದಾಳ. ಅಂಗೈಯಲ್ಲಿಟ್ಟುಕೊಂಡು ನಗುತ್ತ ನಿಂತುಬಿಟ್ಟೆ. ಎಣ್ಣೆ ಹೊಗೆಯಾಡಿ ಮನೆಯೆಲ್ಲ ಕೆಮ್ಮು. ಮೇಲಿನ ಕೋಣೆಯಿಂದ ನಮ್ಮ ಮನೆಯವರು, "ಏನು ಸುಡಾಕತ್ತದ?" ಎಂದು ಕೂಗಿದರು. ಏನೂ ಇಲ್ಲ ಎಂದೆ. ಆ ದಾಳವನ್ನು ಅಲ್ಲಿ ಬಚ್ಚಿಟ್ಟು ಮರೆತವಳು ನಾನೇ. ಯಾರಿಗೆ ಹೆದರಿ ಬಚ್ಚಿಟ್ಟೆ ಎಂದು ನಿಮಗೆ ಹೇಳಬೇಕಾದರೆ ಮೊದಲು ನಮ್ಮ ಮನೆಯಲ್ಲಿ ರವಿವಾರ ಮಧ್ಯಾಹ್ನ ಏನು ನಡೆಯುತ್ತದೆ ಎಂಬುದನ್ನು ಹೇಳಬೇಕು.

ನಾನು ಕಲಬುರಗಿಯ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ವಾರವೆಲ್ಲ ಜನರಿಗೆ ಸುಮ್ಮನಿರಿ ಎಂದು ಹೇಳುವುದಕ್ಕೇ ನನಗೆ ಸಂಬಳ. ತುಟಿಯ ಮೇಲೆ ಬೆರಳಿಟ್ಟು ಇಟ್ಟು ನನ್ನ ಮುಖದ ಆಕಾರವೇ ಹಾಗಾಗಿದೆ ಎಂದು ವಿದ್ಯಾರ್ಥಿಗಳು ಆಡಿಕೊಳ್ಳುತ್ತಾರೆ. ನನ್ನ ಅಣ್ಣನ ಮಗ ಬಸು ಈ ಊರಿನಲ್ಲೇ ಕೆಲಸ ಸಿಕ್ಕ ಮೇಲೆ ಖೂಬಾ ಪ್ಲಾಟಿನ ನಮ್ಮ ಮನೆಯಲ್ಲೇ ಉಳಿದಿದ್ದಾನೆ. ಅವನು ಬಂದಾಗ ಜೊತೆಗೆ ಬಂದದ್ದು ಎರಡು ಪ್ಯಾಂಟು, ಒಂದು ತಲೆದಿಂಬು, ಮತ್ತು ಈ ಆಟ.

ಆಟ ಎಂದರೆ ಹಲಗೆ ಇಲ್ಲ, ಕಾಯಿ ನಡೆಸುವುದಿಲ್ಲ. ಒಬ್ಬನು ಕಥೆ ಹೇಳುತ್ತಾನೆ. ಉಳಿದವರು ಆ ಕಥೆಯೊಳಗಿನ ಒಬ್ಬೊಬ್ಬರಾಗುತ್ತಾರೆ. ಗುಹೆ ಬಂತು, ಒಳಗೆ ಹೋಗುತ್ತೀರಾ ಎಂದು ಕಥೆಗಾರ ಕೇಳುತ್ತಾನೆ. ಹೋಗುತ್ತೇವೆ ಎಂದರೆ ಒಳಗೆ ರಾಕ್ಷಸ. ಹೊಡೆಯುತ್ತೇನೆ ಎನ್ನಬಹುದು, ಓಡುತ್ತೇನೆ ಎನ್ನಬಹುದು, ರಾಕ್ಷಸನಿಗೆ ಚಹಾ ಕುಡಿಸುತ್ತೇನೆ ಎಂದರೂ ನಡೆಯುತ್ತದೆ. ಆಗುತ್ತದೋ ಇಲ್ಲವೋ ದಾಳ ಹೇಳುತ್ತದೆ. ಹೆಚ್ಚು ಅಂಕಿ ಬಿದ್ದರೆ ಆಯಿತು, ಕಮ್ಮಿ ಬಿದ್ದರೆ ರಾಕ್ಷಸನೇ ನಿಮ್ಮನ್ನು ಚಹಾಕ್ಕೆ ನೆಂಚಿಕೊಳ್ಳುತ್ತಾನೆ. ಇಷ್ಟೇ ಆಟ. ಉಳಿದದ್ದೆಲ್ಲ ಬಾಯಿ.

ಮೊದಲು ನನಗೆ ಇದರಲ್ಲಿದ್ದ ಪಾಲು ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಮಾಡಿಕೊಡುವುದು ಮಾತ್ರ. ಒಂದು ರವಿವಾರ ಒಬ್ಬ ಗೆಳೆಯ ಬರಲಿಲ್ಲ. ಬಸು ಅಡುಗೆಮನೆಗೆ ಬಂದ.

"ಅತ್ತಿ, ಒಬ್ಬರು ಕಮ್ಮಿ ಬಿದ್ದಾರ. ಸುಮ್ನ ಬಂದು ಕೂಡ್ರಿ."

"ನಂಗೇನ್ ಬರ್ತದೋ ಅದು?"

"ಬರೂದು ಏನದ ಅದರಾಗ? ಬಾಯಿ ಅದ ಅಲ್ಲ ನಿಮಗ?"

ಆ ದಿನ ಪಡಸಾಲೆಯಲ್ಲಿ ಇಬ್ಬರಿದ್ದರು. ಕುಸನೂರಿನ ಮಿಲಿಂದ, ಬಸ್ ಡಿಪೋದಲ್ಲಿ ಗುಮಾಸ್ತ. ಒಂದು ಕಾಲಕ್ಕೆ ನನ್ನ ಗ್ರಂಥಾಲಯದಲ್ಲೇ ನಿದ್ದೆ ಮಾಡಿ ಡಿಗ್ರಿ ಮುಗಿಸಿದವನು. ಇನ್ನೊಬ್ಬಳು ಐವಾನ್-ಎ-ಶಾಹಿ ಕಡೆಯ ಶಾಹೀನ್, ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನವಿಡೀ ಜನರಿಗೆ ಸೂಜಿ ಚುಚ್ಚುವ ಈ ಹುಡುಗಿ ಆಟದಲ್ಲಿ ನೂರಿ ಎಂಬ ವೈದ್ಯೆ. ಯಾರಿಗೆ ಗಾಯವಾದರೂ ಓಡಿಬಂದು ಮೈ ಸವರಿ ವಾಸಿ ಮಾಡುವುದು ಅವಳ ಕೆಲಸ. "ಇಲ್ಲಿ ಯಾರೂ ಕೈ ಹಿಂದಕ್ಕ ಎಳಕೊಳ್ಳಂಗಿಲ್ಲ ಆಂಟಿ, ಅದಕ್ಕ ನನಗ ಇಷ್ಟ," ಎನ್ನುತ್ತಿದ್ದಳು.

ಮಿಲಿಂದ ನನ್ನನ್ನು ನೋಡಿ, "ಮೇಡಂ, ನೀವು ಮಂತ್ರವಾದಿ ಆಗ್ರಿ. ಪುಸ್ತಕದ ಕೆಲಸ, ನಿಮಗ ಬರೋಬ್ಬರಿ," ಎಂದ.

"ವಾರೆಲ್ಲಾ ಪುಸ್ತಕ, ಇಲ್ಲೂ ಪುಸ್ತಕಾ? ಬ್ಯಾರೆ ಏನದ?"

ಬಸು ಸ್ವಲ್ಪ ಅನುಮಾನದಿಂದಲೇ ಹೇಳಿದ, "ಬ್ಯಾರೆ ಅಂದ್ರ ಒಬ್ಬಾಕಿ ಅದಾಳ. ಕೊಡಲಿ ಹಿಡದಾಕಿ. ಅಕೀಗಿ ಸಿಟ್ಟು ಬಂದ್ರ ಹೊಡೆತ ದುಪ್ಪಟ್ಟು ಬೀಳ್ತದ. ಆದರ ಮುಂದ ಯಾರು ಅದಾರ ಅಂತ ಕಾಣಂಗಿಲ್ಲ ಅಕೀಗಿ. ವೈರಿ ಮುಗದ್ರ ದೋಸ್ತರನ್ನೇ ಹೊಡೀತಾಳ. ದಾಳದಾಗ ದೊಡ್ಡ ಅಂಕಿ ಬಿದ್ರ ಮಾತ್ರ ಸಿಟ್ಟು ಇಳೀತದ. ಅಕಿ ನಿಮಗ ಬ್ಯಾಡ ಬಿಡ್ರಿ."

"ಅಕೀನೇ ಕೊಡು," ಎಂದೆ. ಕೆಂಡವ್ವ ಎಂದು ಹೆಸರಿಟ್ಟೆ.

ಈ ಬಸು ಹುಡುಗ ಶಿಸ್ತಿನವನು. ಮೊದಲ ಕಾಳಗದಲ್ಲಿ ನಾನು ಭಜಿ ಮುರಿಯುತ್ತ, "ಕೆಂಡವ್ವಗ ಸಿಟ್ಟು ಬಂತು," ಎಂದರೆ ಒಪ್ಪಲಿಲ್ಲ.

"ಬಂತು ಅಂತ ಹೇಳಿದ್ರ ಆಗಂಗಿಲ್ಲ ಅತ್ತಿ. ಬರಬೇಕು. ನಮಗ ಕಾಣಬೇಕು."

ನಾನು ಎದ್ದು ನಿಂತೆ. ಏನು ಹೇಳಬೇಕೆಂದು ಖರೆಯೇ ಗೊತ್ತಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ, ಬಾಯಿ ತೆರೆದೆ. ಹೊರಗೆ ಬಂದದ್ದು ನನ್ನ ದನಿಯಲ್ಲ, ಕಮಲಾಪುರದ ನಮ್ಮ ಮುತ್ಯಾನ, ನನ್ನ ಅಜ್ಜನ ದನಿ.

"ಆಹಾ ರುದ್ರಾ! ಆಹಾ ದೇವಾ! ಕರೆಯದ ಯಾಗಕ ಹೋದ ತಾಯಿ ಕೆಂಡದ ಪಾಲಾದಳೆಂದು ಕೇಳಿದನೋ, ಜಡಿಯ ಕಿತ್ತು ಬಂಡಿಗಲ್ಲಿಗಿ ಬಡಿದನೋ, ಬಡಿದ ಜಡಿಯಾಗ ಹುಟ್ಟಿ ನಿಂತವನ ಕಣ್ಣು ನೋಡೋ, ಕಾಲು ನೋಡೋ, ಕೈಯಾಗಿನ ಖಡ್ಗ ನೋಡೋ!"

ಮಿಲಿಂದನ ಕೈಯಿಂದ ಬಟ್ಟಲು ಜಾರಿತು. ಎದುರು ಮನೆಯಾಕೆ ಗೇಟಿನವರೆಗೆ ಬಂದು, "ಅಕ್ಕಾರ, ಯಾರ ಜೋಡಿ ಜಗಳ ಬಿತ್ರಿ?" ಎಂದು ಕೇಳಿದರು. ಮನೆಯವರು ಪೇಪರ್ ಹಿಡಿದು ಮೇಲಿನ ಕೋಣೆಗೆ ಹೋಗುವ ರೂಢಿ ಶುರುವಾದದ್ದು ಆವತ್ತಿನಿಂದಲೇ. ರಾಕ್ಷಸ ಒಂದೇ ಹೊಡೆತಕ್ಕೆ ಸತ್ತ. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ: ಅಂಥ ಹೊಡೆತವನ್ನು ತಮ್ಮ ಆಟದಲ್ಲಿ ಅವರು ಅದುವರೆಗೆ ಕಂಡಿರಲಿಲ್ಲವಂತೆ.

ನಮ್ಮ ಮುತ್ಯಾ ಗುಂಡಪ್ಪ ಪುರವಂತನಾಗಿದ್ದ. ನಿಮ್ಮ ಕಡೆ ಇದೆಯೋ ಇಲ್ಲವೋ, ನಮ್ಮಲ್ಲಿ ಮದುವೆಗೆ ಮುಂಚೆ ವೀರಭದ್ರನ ಹೆಸರಿನಲ್ಲಿ ಗುಗ್ಗಳ ತೆಗೆಯುತ್ತಾರೆ. ಸಂಬಾಳದ ಜೋಡಿ ಚರ್ಮವಾದ್ಯ ಬಡಿಯುತ್ತಾರೆ, ಮನೆಯಿಂದ ಬಾವಿಯವರೆಗೆ ಮೆರವಣಿಗೆ. ಮುಂದೆ ಖಡ್ಗ ಹಿಡಿದ ಪುರವಂತ ದಕ್ಷನ ಯಾಗ ಕೆಡಿಸಿದ ಕಥೆಯನ್ನು ಆವೇಶದಲ್ಲಿ ಒದರುತ್ತ ನಡೆಯುತ್ತಾನೆ. ಆ ಮಾತಿಗೆ ಒಡಪು ಎನ್ನುತ್ತಾರೆ. ಕೇಳಿದವರ ಮೈಮೇಲಿನ ಕೂದಲು ನಿಲ್ಲಬೇಕು.

ಇಷ್ಟು ಕೇಳಿ ನಮ್ಮ ಮುತ್ಯಾ ಉಗ್ರ ಮನುಷ್ಯ ಎಂದುಕೊಳ್ಳಬೇಡಿ. ಅವನು ಹಲ್ಲಿಗೆ ಹೆದರುತ್ತಿದ್ದ. ಗೋಡೆಯ ಮೇಲೆ ಹಲ್ಲಿ ಕಂಡರೆ ಆಯಿಯನ್ನು, ನಮ್ಮ ಅಜ್ಜಿಯನ್ನು ಕರೆಯುತ್ತಿದ್ದ. ಎತ್ತಿಗೆ ಬಾರುಕೋಲು ತಾಗಿದರೆ, "ತಪ್ಪಾತೋ ಯಪ್ಪಾ," ಎಂದು ಅದರ ಬೆನ್ನು ಸವರುತ್ತಿದ್ದ. ಬಾಳೆಯ ತೋಟದಲ್ಲಿ ಗೊನೆ ಕಡಿಯುವ ದಿನ ಆ ಕೆಲಸವನ್ನು ಬೇರೆಯವರಿಗೆ ಒಪ್ಪಿಸಿ ತಾನು ಬೇಲಿ ನೋಡಲು ಹೋಗುತ್ತಿದ್ದ. ಅಂಥವನು ಖಡ್ಗ ಹಿಡಿದ ದಿನ ಅವನನ್ನು ಹೆಸರು ಹಿಡಿದು ಕರೆಯುವ ಧೈರ್ಯ ಆಯಿಗೂ ಇರಲಿಲ್ಲ.

ರೂಢಿಗೆಂದು ಅವನು ದನದ ಕೊಟ್ಟಿಗೆಯಲ್ಲಿ ನಿಂತು ಒಡಪು ಹೇಳಿಕೊಳ್ಳುತ್ತಿದ್ದ. ನಾನು ಚಹಾ ಒಯ್ಯುವ ನೆವದಲ್ಲಿ ಹೋಗಿ ಬಾಗಿಲ ಹಿಂದೆ ಕೂಡುತ್ತಿದ್ದೆ. ನನಗೆ ಮಾತು ಬಂದದ್ದು ಹಾಗೆ, ದೊಡ್ಡವರ ಬಾಯಿಂದ, ಅವರು ನನಗೆಂದು ಹೇಳದೆ ಇದ್ದಾಗ. ಎಮ್ಮೆ ಕರುವಿನ ಮುಂದೆ ನಿಂತು ನಾನೂ ಒದರಿ ನೋಡುತ್ತಿದ್ದೆ. ಕರು ಗೊಂತಿಗೆ ಒರಗಿ ನಿಂತು ಕಿವಿ ಅಲ್ಲಾಡಿಸುತ್ತಿತ್ತು. ಆಯಿ ಅಂಗಳದಿಂದ ಕೂಗುತ್ತಿದ್ದಳು, "ಏ ಹುಡುಗೀ, ಹೆಣ್ಣಿನ ಬಾಯೇನೇ ಅದು? ನಾಳಿ ನಿನ್ನ ಅತ್ತಿ ಮನಿಯವರು ಕಿವಿಗಿ ಅರಳಿ ಇಟಗೋಬೇಕಾಗ್ತದ!"

ಆಯಿಯ ಮಾತಿಗೆ ಹೆದರಿಯೋ ಏನೋ, ಮುಂದೆ ಬಾಯಿ ಮುಚ್ಚುವ ಕೆಲಸವನ್ನೇ ಹಿಡಿದೆ. ಆ ಒಡಪು ಗಂಟಲಿನಲ್ಲಿ ಎಲ್ಲಿ ಮಲಗಿತ್ತೋ! ಕೆಂಡವ್ವ ಬಂದು ಎಬ್ಬಿಸಿದಳು. ರವಿವಾರ ಸಂಜೆ ಎಲ್ಲರೂ ಹೋದ ಮೇಲೆ ಬಟ್ಟಲು ತೊಳೆಯುವಾಗ ನನ್ನ ಕೈಕಾಲು ಹಗುರವಾಗಿರುತ್ತಿದ್ದವು. ವಯಸ್ಸಿನಲ್ಲಿ ಅರ್ಧದಷ್ಟೂ ಇಲ್ಲದ ಹುಡುಗರ ನಡುವೆ ಕೊಡಲಿ ಎತ್ತುವುದು ನನಗೆ ಎಷ್ಟು ಬೇಕಾಗಿತ್ತು ಎಂಬುದು ಎತ್ತಿದ ಮೇಲೆಯೇ ತಿಳಿಯಿತು.

ಇಷ್ಟೆಲ್ಲ ಸುಖವಾಗಿ ನಡೆದಿರುವಾಗ ಸಿದ್ದಣ್ಣ ಕಾಕಾನ ಕಣ್ಣಿಗೆ ಪೊರೆ ಬಂತು.

ಸಿದ್ದಣ್ಣ ಕಾಕಾ ನನ್ನ ಅಪ್ಪನ ತಮ್ಮ. ಮುತ್ಯಾನ ನಂತರ ಖಡ್ಗ ಹಿಡಿದವನು ಅವನೇ. ಒಡಪಿನ ವಿಷಯದಲ್ಲಿ ಬಲು ಬಿಗಿ. ಯಾರೋ ಹುಡುಗರು ಮದುವೆಯ ಊಟದಲ್ಲಿ ತಮಾಷೆಗೆ "ಆಹಾ ರುದ್ರಾ" ಎಂದದ್ದಕ್ಕೆ ಎಲೆ ಬಿಟ್ಟು ಎದ್ದು ಬಂದವನು. ಕಲಬುರಗಿಯಲ್ಲಿ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ನಮ್ಮಲ್ಲಿಯೇ ಇರಲು ಬಂದ. ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಯ ಚಿಪ್ಪು, ಕಣ್ಣಿಗೆ ಕಪ್ಪು ಕನ್ನಡಕ. ಬಗ್ಗಬಾರದು, ಒದರಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಮನೆತನದ ಒಡಪನ್ನು ನಾನು ಭಜಿ ತಿನ್ನುತ್ತ, ದಾಳ ಉರುಳಿಸುತ್ತ, ಇಲ್ಲದ ರಾಕ್ಷಸರ ಮೇಲೆ ಒದರುತ್ತೇನೆ ಎಂದು ಕಾಕಾನಿಗೆ ತಿಳಿದರೆ? ಬೇಡ ಎಂದು ಅವನು ಒಂದು ಮಾತು ಹೇಳಿದರೆ ಮುಗಿಯಿತು. ಆ ಮಾತು ಮೀರಿ ಮತ್ತೆ ಬಾಯಿ ತೆರೆಯಲು ನನ್ನಿಂದ ಆಗುತ್ತಿರಲಿಲ್ಲ. ಕೆಂಡವ್ವ ಅಲ್ಲಿಗೇ ಸಾಯುತ್ತಿದ್ದಳು. ಆಗಲೇ ನೋಡಿ, ಆ ಕೆಂಪು ದಾಳ ಸಾಸಿವೆ ಡಬ್ಬಿಗೆ ಹೋದದ್ದು. ದಾಳ ಕಳೆದಿದೆ, ಈ ವಾರ ಆಟ ಬೇಡ ಎಂದೆ.

"ನನ್ನ ಹತ್ರ ಬ್ಯಾರೆ ದಾಳ ಅದ ಅತ್ತಿ," ಎಂದ ಬಸು. "ಹೋದ ವಾರ ಕಾಳಗ ನಡುವೇ ನಿಂತದ. ನೂರಿ ಜೀವ ತುಟಿಗಿ ಬಂದದ. ಶಾಹೀನ್ ವಾರೆಲ್ಲಾ ನಿದ್ದಿ ಮಾಡಿಲ್ಲಂತ."

ಮಧ್ಯಾಹ್ನ ಊಟವಾಗಿ ಕಾಕಾ ಒಳಗಿನ ಕೋಣೆಯಲ್ಲಿ ಮಲಗಿದ. ಬಾಗಿಲು ಮುಂದೆ ಮಾಡಿದೆ. ಪಡಸಾಲೆಯಲ್ಲಿ ಕೂತು, "ಇವತ್ತು ಎಲ್ಲಾ ಸಣ್ಣ ದನ್ಯಾಗ," ಎಂದೆ. ಮಿಲಿಂದ ತುಟಿಯ ಮೇಲೆ ಬೆರಳಿಟ್ಟು ನನ್ನ ಮುಖವನ್ನೇ ಅಣಕಿಸಿದ.

ಕಥೆಯಲ್ಲಿ ನಾವು ಒಂದು ಹಾಳು ಕೋಟೆಯೊಳಗಿದ್ದೆವು. ಕಬ್ಬಿಣದ ಮೈಯ ಕಾವಲುಗಾರರು ಸುತ್ತುವರಿದಿದ್ದರು. ನೂರಿ ಗೋಡೆಗೆ ಒರಗಿ ಬಿದ್ದಿದ್ದಳು. ಇನ್ನೊಂದು ಏಟು ಬಿದ್ದರೆ ಮುಗಿಯುತ್ತಿದ್ದಳು, ಮತ್ತು ಈ ಆಟದಲ್ಲಿ ಒಮ್ಮೆ ಸತ್ತವರು ಮತ್ತೆ ಬರುವುದಿಲ್ಲ. ಶಾಹೀನ್ ಈ ನೂರಿಯನ್ನು ಕಾಲೇಜಿನ ಕಾಲದಿಂದ ಸಾಕಿಕೊಂಡು ಬಂದಿದ್ದಳು. ಅವಳು ದುಪಟ್ಟಾದ ಚುಂಗು ಹಲ್ಲಿನಲ್ಲಿ ಕಚ್ಚಿ ಕೂತಿದ್ದಳು.

"ಕೆಂಡವ್ವಗ ಸಿಟ್ಟು ಬಂತು," ಎಂದೆ, ಗ್ರಂಥಾಲಯದ ದನಿಯಲ್ಲಿ.

"ಬಂದಿಲ್ಲ," ಎಂದ ಬಸು.

"ಬಂತೋ ಮಾರಾಯಾ. ಕಾಕಾ ಮಲಗ್ಯಾನ."

"ಕಾವಲುಗಾರರಿಗಿ ನಿಮ್ಮ ಕಾಕಾ ಗೊತ್ತಿಲ್ಲ ಅತ್ತಿ. ಕತ್ತಿ ಎತ್ಯಾರ. ನೂರಿ ಮ್ಯಾಲೆ ಇಳಿಸಾಕತ್ತಾರ."

"ಆಂಟೀ!" ಎಂದಳು ಶಾಹೀನ್. ಅಷ್ಟೇ ಅಂದದ್ದು.

ಆ ಒಂದು ಕರೆಗೆ ನಾನು ಎದ್ದುಬಿಟ್ಟೆ. ಕಾಕಾನೂ ಮರೆತುಹೋದ, ಅವನ ಕಣ್ಣಿನ ಪೊರೆಯೂ ಮರೆತುಹೋಯಿತು. "ಆಹಾ ರುದ್ರಾ!" ಎಂದು ತೆಗೆದರೆ ಕಪಾಟಿನ ಗಾಜು ಜುಮ್ಮೆಂದಿತು. ಜಡೆ ಬಡಿದದ್ದು, ವೀರ ಹುಟ್ಟಿದ್ದು, ಯಾಗದ ಕಂಬ ಕಿತ್ತದ್ದು, ದಕ್ಷನ ತಲೆ ಉರುಳಿದ್ದು, ಒಂದೂ ಬಿಡದೆ ಹೇಳಿದೆ. ಬಸು ಕಣ್ಣರಳಿಸಿ ದಾಳ ಉರುಳಿಸಿದ. ಕಾವಲುಗಾರರು ಒಬ್ಬರ ಮೇಲೊಬ್ಬರು ಬಿದ್ದರು. ಮಿಲಿಂದ ಶಿಳ್ಳೆ ಹಾಕಲು ಬಾಯಿಗೆ ಬೆರಳಿಟ್ಟವನು ಹಾಗೇ ನಿಂತ.

ಒಳಗಿನ ಬಾಗಿಲಲ್ಲಿ ಸಿದ್ದಣ್ಣ ಕಾಕಾ ನಿಂತಿದ್ದ. ಕಪ್ಪು ಕನ್ನಡಕ, ಬರಿಮೈ, ಹೆಗಲ ಮೇಲೆ ಟವೆಲ್. ಒಂದು ಕೈ ಚೌಕಟ್ಟಿನ ಮೇಲೆ.

"ಯಾರು ಹೇಳಿದ್ದು ಅದು?"

ಬಸು ದಾಳದ ಮೇಲೆ ಅಂಗೈ ಮುಚ್ಚಿದ.

"ನಾ ಕಾಕಾ. ಮಾದೇವಿ."

"ಯಾರು ಕಲಿಸಿದ್ರು?"

"ಯಾರೂ ಇಲ್ಲ. ಮುತ್ಯಾ ಕೊಟ್ಟಿಗ್ಯಾಗ ಹೇಳತಿದ್ದ. ಬಾಗಲ ಹಿಂದ ಕುಂತು ಕೇಳಿದೆ."

ಕಾಕಾ ಗೋಡೆ ಹಿಡಿಯುತ್ತ ಬಂದು ಕುರ್ಚಿಯ ಮೇಲೆ ಕೂತ. ಕನ್ನಡಕದ ಹಿಂದೆ ಕಣ್ಣು ಯಾವ ಕಡೆ ಇವೆ ಎಂದು ತಿಳಿಯುತ್ತಿರಲಿಲ್ಲ. ನಾನು ಸೊಂಟದಿಂದ ಸೆರಗು ಬಿಚ್ಚಿ ಹೊದ್ದುಕೊಂಡೆ.

"ಇದೇನು ನಡೆದದ ಇಲ್ಲಿ?" ಎಂದು ಬಸುವನ್ನು ಕೇಳಿದ.

ಬಸು ಪಾಪ, ಪಾಠ ಒಪ್ಪಿಸುವವನಂತೆ ಎಲ್ಲ ಹೇಳಿದ. ಕೋಟೆ, ಕಾವಲುಗಾರರು, ಕೆಂಡವ್ವ, ನೂರಿ. "ವೈರಿಗಳೆಲ್ಲಾ ಸತ್ತಾರ ಮುತ್ಯಾ. ಆದರ ಅತ್ತಿ ಸಿಟ್ಟು ಇನ್ನಾ ಇಳದಿಲ್ಲ. ಈಗ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ರ ಇಳೀತದ. ಇಲ್ಲಂದ್ರ ಹತ್ರ ಇದ್ದವರಿಗಿ ಕೊಡಲಿ ಏಟು. ಹತ್ರ ಇದ್ದಾಕಿ ನೂರಿ."

"ಈ ಹುಡುಗಿಯೇನು?" ಕಾಕಾ ಶಾಹೀನಳ ಕಡೆ ಮುಖ ತಿರುಗಿಸಿದ.

"ಹೌದ್ರೀ ಅಜ್ಜಾರ," ಎಂದಳು ಶಾಹೀನ್.

"ದಾಳ ಯಾಕ ಬೇಕು? ಮಾದೇವಿ, ಇಳಿಸೂದು ಹೇಳು."

ನಾನು ನೆಲ ನೋಡಿದೆ. "ಬರಂಗಿಲ್ಲ ಕಾಕಾ."

"ಬರಂಗಿಲ್ಲ ಅಂದ್ರ? ಇಷ್ಟೆಲ್ಲಾ ಬರ್ತದ, ಅದು ಬರಂಗಿಲ್ಲಾ?"

ಯೋಚಿಸಿದರೆ ಕಾರಣ ಬಲು ಸರಳ. ನಮ್ಮ ಮನೆತನದ ಗುಗ್ಗಳದಲ್ಲಿ ಹುಡುಗಿಯರು ಅಗಸಿಯವರೆಗೆ, ಎಂದರೆ ಊರ ಹೆಬ್ಬಾಗಿಲಿನವರೆಗೆ ಮಾತ್ರ ಹೋಗಬೇಕು. ಅಲ್ಲಿಂದ ನಮ್ಮನ್ನು ಅಡುಗೆಯ ಕೆಲಸಕ್ಕೆ ತಿರುಗಿ ಕಳಿಸುತ್ತಿದ್ದರು. ಆವೇಶ ಇಳಿಸುವ ಒಡಪು ಇರುವುದು ಬಾವಿಯ ಕಟ್ಟೆಯ ಮೇಲೆ, ಅಗಸಿಯಿಂದಾಚೆ. ಮುತ್ಯಾ ಕೊಟ್ಟಿಗೆಯಲ್ಲಿ ರೂಢಿ ಮಾಡುತ್ತಿದ್ದದ್ದೂ ಏರಿಸುವ ಭಾಗವನ್ನೇ, ಉಸಿರಿನ ಕಷ್ಟ ಅದರಲ್ಲಿ ತಾನೆ. ಹೀಗೆ ನಾನು ಸಿಟ್ಟಾಗುವುದನ್ನಷ್ಟೇ ಪೂರ್ತಿ ಕಲಿತು ಊರು ಬಿಟ್ಟವಳು.

"ಹುಡಗ್ಯಾರ್ನ ಅಗಸಿಯಿಂದ ಹೊಳ್ಳಿ ಕಳಸತಿದ್ರಲ್ಲ ಕಾಕಾ," ಎಂದೆ.

ನಾನು ಕೇಳಬಾರದೆಂದುಕೊಂಡದ್ದನ್ನು ಕೇಳಿಯೇಬಿಟ್ಟೆ. "ತಪ್ಪಾತೇನು ನಂದು? ಬ್ಯಾಡ ಅಂದ್ರ ಇವತ್ತೇ ಬಿಡ್ತೀನಿ."

"ತಪ್ಪಾಗ್ಯಾದ," ಎಂದ ಕಾಕಾ. "ಏರಿಸೂದು ಬಿಟ್ರ ಮುಂದಿಂದು ಗೊತ್ತಿಲ್ಲ, ಅಂಥಾದ್ರಾಗ ಮಂದಿ ನಡುವ ನಿಂತು ಹೇಳಾಕತ್ತೀದಿ. ಅದು ತಪ್ಪು. ಹೇಳೂದು ತಪ್ಪಲ್ಲ. ನಿನ್ನ ಉಸುರು ನಮ್ಮಪ್ಪನ ಉಸುರು ಆಗ್ಯಾದ. ನಾ ಒಳಗ ಮಲಗಿದಾವ ಅಪ್ಪ ಬಂದಾನ ಅಂತ ಎದ್ದು ಕುಂತೆ." ಟವೆಲಿನಿಂದ ಕನ್ನಡಕದ ಕೆಳಗೆ ಒರೆಸಿಕೊಂಡ. ಶಾಹೀನ್ ಥಟ್ಟನೆ, "ಅಜ್ಜಾರ, ಕಣ್ಣಿಗಿ ಕೈ ಹಚ್ಚಬ್ಯಾಡ್ರಿ, ಇನ್‌ಫೆಕ್ಷನ್ ಆಗ್ತದ," ಎಂದಳು. "ಆತು ಡಾಕ್ಟರಮ್ಮಾ," ಎಂದು ಕಾಕಾ ಕೈ ತೆಗೆದ.

ಆಮೇಲೆ ಅವನು ಹೇಳಿಕೊಟ್ಟ ಪದ್ಧತಿ ಇದು. ಪುರವಂತ ತನ್ನ ಆವೇಶವನ್ನು ತಾನೇ ಇಳಿಸಿಕೊಳ್ಳುವಂತಿಲ್ಲ. ಬಾವಿಯ ಕಟ್ಟೆಯ ಮೇಲೆ ಒಬ್ಬರು ಅವನ ಎದುರಿಗೆ ಬಂದು ಅಂಗೈ ಚಾಚಿ ನಿಲ್ಲಬೇಕು. ಪುರವಂತ ಇಳಿಸುವ ಒಡಪು ಹೇಳುತ್ತಾನೆ. ಅದು ಮುಗಿದಾಗ ಎದುರು ನಿಂತವರು ಕೇಳುತ್ತಾರೆ, ನಾ ಯಾರು? ಅವನು ಗುರುತು ಹಿಡಿದು ಹೆಸರು ಹೇಳಬೇಕು. ಆಮೇಲೆ ಕೇಳುತ್ತಾರೆ, ನೀ ಯಾರು? ಅವನು ತನ್ನ ಹೆಸರು ಹೇಳಬೇಕು. ಎರಡೂ ಹೇಳಿದ ಮೇಲೆ ಖಡ್ಗವನ್ನು ಆ ಅಂಗೈಗಳ ಮೇಲೆ ಇಡಬೇಕು.

"ಎದ್ದು ನಿಂದರವ್ವಾ," ಎಂದು ಶಾಹೀನಳಿಗೆ ಹೇಳಿದ. "ಮಾದೇವಿ, ನನ್ನ ಹಿಂದ ಹೇಳಕೋತ ಹೋಗು. ಒದರಬ್ಯಾಡ. ಇದು ಒದರೂದಲ್ಲ."

ಒದರಬಾರದೆಂದು ಡಾಕ್ಟರರು ಹೇಳಿದ್ದು ಆ ದಿನ ನಮ್ಮ ಭಾಗ್ಯ. ಆದರೆ ಅವನು ಹೇಳಿದ ರೀತಿ ಡಾಕ್ಟರರಿಗಾಗಿ ಅಲ್ಲ. ಆ ಭಾಗ ಇರುವುದೇ ಸಣ್ಣ ದನಿಯಲ್ಲಿ. ನಾವು ಹುಡುಗಿಯರು ಅಗಸಿಯಲ್ಲಿ ಕಿವಿಗೊಟ್ಟು ನಿಂತಿದ್ದರೂ ಕೇಳುತ್ತಿರಲಿಲ್ಲ.

"ಸಾಕೋ ವೀರಾ, ಸಾಕೋ. ಕಡಿದ ಕೈಯೇ ಕೂಡಿಸಬೇಕೋ. ಟಗರಿನ ತಲಿಯಿಟ್ಟರೂ ಅವಗ ಉಸುರು ಬಂತು ನೋಡೋ. ಕೆಂಪಾದ ಕಣ್ಣಿಗಿ ತಾಯಿ ನೀರ ಹನಿಸ್ಯಾಳೋ. ಎದುರಿಗಿ ಯಾರೋ ನಿಂತಾರ, ನೋಡೋ."

ನಾನು ಹಿಂದೆ ಹಿಂದೆ ಹೇಳಿದೆ. ದಕ್ಷನಿಗೆ ಟಗರಿನ ತಲೆ ಬಂದ ಕಥೆ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಆ ತಲೆಯನ್ನು ಕೂಡಿಸಿದ್ದು ಕಡಿದ ಕೈಯೇ ಎಂದು ನಮ್ಮ ಮನೆತನದ ಒಡಪು ಹೇಳುತ್ತದೆಂದು ಅಲ್ಲಿಯವರೆಗೆ ತಿಳಿದಿರಲಿಲ್ಲ. ಕೊನೆಗೆ ಬಂದಾಗ ಶಾಹೀನ್ ಅಂಗೈ ಚಾಚಿ ನಿಂತಿದ್ದಳು.

"ನಾ ಯಾರು?"

"ನೂರಿ."

"ನೀ ಯಾರು?"

"ಕೆಂಡವ್ವ."

ಇಲ್ಲದ ಕೊಡಲಿಯನ್ನು ಅವಳ ಅಂಗೈಗಳ ಮೇಲೆ ಇಟ್ಟೆ. ಅವಳ ಕೈ ಭಾರಕ್ಕೆ ಸ್ವಲ್ಪ ಕೆಳಗಿಳಿದವು, ನಾನು ಕಣ್ಣಾರೆ ಕಂಡೆ.

ಇನ್ನು ಬಸು. ನಿಯಮ ಎಂದರೆ ನಿಯಮ ಎನ್ನುವ ಹುಡುಗ. ದಾಳ ಅವನ ಮುಷ್ಟಿಯಲ್ಲಿತ್ತು. ಮಿಲಿಂದ ಅವನ ಮೊಣಕೈ ತಿವಿದು, "ಉರುಳಿಸ್ತೀಯೇನಲೇ? ಉರುಳಿಸಿ ನೋಡು!" ಎಂದ. ಬಸು ಕಾಕಾನ ಕಡೆ ನೋಡಿದ, ಶಾಹೀನಳ ಕಡೆ ನೋಡಿದ, ದಾಳವನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡ. ಆವತ್ತಿನಿಂದ ನಮ್ಮ ಮನೆಯ ಆಟದಲ್ಲಿ ಸಿಟ್ಟು ಇಳಿಯುವುದಕ್ಕೆ ದಾಳವಿಲ್ಲ. ಎದುರಿಗೆ ಯಾರಾದರೂ ಬಂದು ನಿಲ್ಲಬೇಕು, ಅಷ್ಟೇ. ಅದು ದಾಳಕ್ಕಿಂತ ಕಷ್ಟ, ಏಕೆಂದರೆ ಬರುವವರಿಗೆ ಏಟು ಬೀಳುವ ಅಂಜಿಕೆ ಇದ್ದೇ ಇರುತ್ತದೆ. ಬೇರೆ ಊರಿನಲ್ಲಿ ಈ ಆಟ ಆಡುವವರಿಗೆ ಬಸು ಇದನ್ನು ಫೋನಿನಲ್ಲಿ ಬಣ್ಣಿಸುವಾಗ ನಾನು ಅಡುಗೆಮನೆಯಲ್ಲಿ ಮಿಕ್ಸರ್ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ.

ಕಾಕಾ ಹೋಗುವ ದಿನ ಬಸ್ಸಿನ ಕಿಟಕಿಯಿಂದ ಹೇಳಿದ, "ಮೊಮ್ಮಗನ ಮದವಿ ಅದ ಮಾದೇವಿ. ಗುಗ್ಗಳಕ್ಕ ಖಡ್ಗ ನೀ ಹಿಡಿ. ನನಗ ಡಾಕ್ಟರು ಬಾಯಿ ಬಂದ್ ಮಾಡ್ಯಾರ." ಬಸ್ಸು ಹುಮನಾಬಾದ ರಸ್ತೆಗೆ ತಿರುಗುವವರೆಗೂ ನಾನು ಅಲ್ಲೇ ನಿಂತಿದ್ದೆ. ಒದರಬಾರದೆಂದು ಡಾಕ್ಟರರು ಹಾಕಿದ್ದ ಗಡುವು ಆಗಲೇ ಮುಗಿದಿತ್ತು ಎಂದು ಶಾಹೀನ್ ಆಮೇಲೆ ಹೇಳಿದಳು.

ಮದುವೆಗೆ ಕಮಲಾಪುರಕ್ಕೆ ನಾವೆಲ್ಲ ಹೋದೆವು, ಶಾಹೀನ್, ಮಿಲಿಂದ ಸಮೇತ. ಬೆಳಗಿನ ಬಿಸಿಲು ಇನ್ನೂ ಎಳೆಯದಿತ್ತು. ಇಳಕಲ್ ಸೀರೆಯ ಕಚ್ಚೆ ಕಟ್ಟಿ, ಹಣೆತುಂಬ ವಿಭೂತಿ ಬಳಿದು, ನಾನು ಅಂಗಳಕ್ಕಿಳಿದಾಗ ಸಂಬಾಳದವರು ಒಬ್ಬರ ಮುಖ ಒಬ್ಬರು ನೋಡಿದರು. ಬೀಗರ ಕಡೆಯ ಹಿರಿಯರೊಬ್ಬರು ಮುಂದೆ ಬಂದರು.

"ಸಿದ್ದಣ್ಣಾ, ಇದೇನಿದು? ಹೆಣ್ಮಗಳು ಒಡಪು ಹೇಳೂದಾ?"

"ನೀವು ಹೇಳ್ತೀರೇನ್ರೀ?" ಕಾಕಾ ಖಡ್ಗವನ್ನು ಅವರ ಕಡೆಗೇ ಹಿಡಿದ. "ಬರ್ರಿ, ಹಿಡೀರಿ. ಹೇಳ್ರಿ."

ಹಿರಿಯರು ರುಮಾಲು ಸರಿಮಾಡಿಕೊಂಡು, "ಬಿಸಲು ಏರ್ತದ, ಜಲ್ದಿ ನಡೀರಿ," ಎಂದರು.

ನಡೆದೆವು. ಮನೆಯ ಬಾಗಿಲಿನಿಂದ ಅಗಸಿಯವರೆಗೆ ನಾನು ಹೇಗೆ ಹೇಳಿದೆ ಎಂದು ನಾನೇ ಹೊಗಳಿಕೊಂಡರೆ ಚೆನ್ನಾಗಿರುವುದಿಲ್ಲ. ಮಿಲಿಂದನನ್ನು ಕೇಳಿ, ಅವನು ಹೊಗಳುತ್ತಾನೆ. ಮಾಳಿಗೆಗಳ ಮೇಲೆಲ್ಲ ಜನ. ಅಗಸಿ ಬಂದಾಗ 'ಇಲ್ಲಿಗೆ ಸಾಕು' ಎನ್ನಲು ಯಾರಾದರೂ ಬರುತ್ತಾರೆಂದು ಕಾಲು ತಾನಾಗಿ ನಿಧಾನವಾಯಿತು. ಯಾರೂ ಬರಲಿಲ್ಲ. ದಾಟಿದೆ. ನನ್ನ ಹಿಂದೆ ಬರುತ್ತಿದ್ದ ಮನೆಯ ಹುಡುಗಿಯರೂ ದಾಟಿದರು, ತಿರುಗಿ ಕಳಿಸುವುದು ಆ ದಿನ ಎಲ್ಲರಿಗೂ ಮರೆತೇಹೋಗಿತ್ತು.

ಬಾವಿಯ ಕಟ್ಟೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದು. ಕಾಕಾ ಎದುರಿಗೆ ಬಂದು ಅಂಗೈ ಚಾಚಿ ನಿಂತ. ಸಂಬಾಳ ನಿಂತಿತು. ಇಳಿಸುವುದನ್ನು ಹೇಳಿದೆ, ಹತ್ತಿರ ನಿಂತವರಿಗಷ್ಟೇ ಕೇಳುವಂತೆ. ದೂರದವರು ಕೇಳಬೇಕೆಂದು ಮುಂದೆ ಮುಂದೆ ಸರಿದು ಬಂದರು.

"ನಾ ಯಾರು?" ಎಂದ ಕಾಕಾ.

"ಗುಂಡಪ್ಪನ ಮಗ ಸಿದ್ದಣ್ಣ. ನಮ್ಮ ಕಾಕಾ."

"ನೀ ಯಾರು?"

ರವಿವಾರದ ರೂಢಿ ನೋಡಿ, ಬಾಯಿಗೆ ಬಂದದ್ದನ್ನು ತಡೆಯಲಾಗಲಿಲ್ಲ.

"ಕೆಂಡವ್ವ!"

ಹಿಂದೆ ಬಸು ತಲೆಯ ಮೇಲೆ ಕೈ ಹೊತ್ತುಕೊಂಡದ್ದು ನನಗೆ ಕಾಣದೆಯೂ ಗೊತ್ತಾಯಿತು. ಬೀಗರ ಹಿರಿಯರು, "ಏನಂದಳು? ಯಾರಂತ?" ಎಂದು ಪಕ್ಕದವರನ್ನು ಕೇಳಿದರು. ಕಾಕಾನ ಚಾಚಿದ ಕೈ ಮಾತ್ರ ಒಂದಿಷ್ಟೂ ಅಲುಗಲಿಲ್ಲ. ಅವನು ಕತ್ತೆತ್ತಿ, ಡಾಕ್ಟರರು ಬೇಡವೆಂದಿದ್ದ ಅಷ್ಟೂ ದನಿಯನ್ನು ತೆಗೆದು, ಊರಿಗೆಲ್ಲ ಕೇಳುವಂತೆ ಕೂಗಿದ.

"ಹೌದು, ಇಕಿ ಕೆಂಡವ್ವ! ನಮ್ಮ ಮನಿ ಪುರವಂತಿ! ಕೊಡವ್ವಾ ಖಡ್ಗ."

ಕೊಟ್ಟೆ.